ಪ್ರೀತಿ ಕೂಡಿದ್ಮೇಲೆ ಎರಡನೇ ಪುಸ್ತಕ ಯಾತಕ್ಕೆ?

(ನಮ್ಮ ಓದುಬಳಗದ ಭಾನುವಾರದ ಕೂಟದಲ್ಲಿ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ. ಮಧ್ಯೆ ಮೈಕ್ ಕೈಕೊಟ್ಟಿದ್ದು, ಜನ ಎದ್ದು ಹೋಗಿ ಬಂದಿದ್ದು ಎಲ್ಲ ತೆಗೆದಿದೀನಿ, ಮಾತಿನ ಧಾಟಿ ಮಾತ್ರ ಹಾಗೇ ಬಿಟ್ಟಿದೀನಿ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡ್ತೀನಿ, ಇವತ್ತು ಸ್ಪಾಯ್ಲರ್ ಇದೆ, ಸ್ವಲ್ಪ ಅಲ್ಲ, ಧಾರಾಳವಾಗೇ ಇದೆ, ಯಾಕಂದ್ರೆ ಸೀಕ್ವೆಲ್ ಬಗ್ಗೆ ಮಾತಾಡಕ್ಕೆ ಕರೆದು ಮೊದಲನೇ ಪುಸ್ತಕದ ಕೊನೆ ಹೇಳಬೇಡಿ ಅಂದ್ರೆ ನಾನು ಬಾಯಿ ಮುಚ್ಕೊಂಡು ಕೂರಬೇಕಾಗತ್ತೆ. ಯಾರಾದ್ರೂ ‘ಫೋರ್ತ್ ವಿಂಗ್’ ಅರ್ಧದಲ್ಲಿದ್ರೆ ಹೊರಗಡೆ ಕಾಫಿ ಇಟ್ಟಿದಾರೆ, ಆರಾಮಾಗಿ ಕುಡ್ಕೊಂಡು ಬನ್ನಿ.

ರೊಮ್ಯಾನ್ಸೂ ಫ್ಯಾಂಟಸಿನೂ ಬೆರೆತ ಈ ಜಾತಿ ಪುಸ್ತಕಕ್ಕೆ ಈಗ ರೊಮ್ಯಾಂಟಸಿ ಅಂತ ಹೆಸರು ಬಂದಿದೆ, 2024ರಲ್ಲಿ ಆಕ್ಸ್‌ಫರ್ಡ್‌ನವರು ವರ್ಷದ ಪದದ ಕಿರುಪಟ್ಟಿಗೂ ಅದನ್ನ ಸೇರಿಸಿದ್ರು. ಸಾಹಿತ್ಯದ ಜನ ಮೂಗು ಮುರೀತಾರೆ, ಮುರೀಲಿ ಬಿಡಿ. ನಂಗೆ ಇಲ್ಲಿ ಇರೋ ಪ್ರಶ್ನೆ ಇದು ಒಳ್ಳೇ ಸಾಹಿತ್ಯಾನಾ ಅಲ್ವಾ ಅನ್ನೋದಲ್ಲ. ಮೊದಲನೇ ಪುಸ್ತಕ ಹುಚ್ಚು ಹಿಡಿದವರ ಹಾಗೆ ಒಂದೇ ರಾತ್ರೀಲಿ ಓದಿ ಮುಗಿಸ್ತೀವಿ, ಎರಡನೇದು ಕೈಗೆ ಬಂದ್ಮೇಲೆ ಒಂದೊಂದು ಸಲ ಎದೆ ಹಿಡ್ಕೊಳ್ಳತ್ತೆ, ಒಂದೊಂದು ಸಲ ಇನ್ನೂರನೇ ಪುಟದಲ್ಲಿ ಬುಕ್‌ಮಾರ್ಕ್ ಹಾಕಿ ಇಟ್ಟಿದ್ದು ಅಲ್ಲೇ ಇರತ್ತೆ, ಅದು ಯಾಕೆ ಹಾಗೆ?

ನನ್ನ ಪ್ರಕಾರ ಕಾರಣ ಇಷ್ಟೇ. ರೊಮ್ಯಾನ್ಸ್ ಮುಗಿಯೋಕೇ ಹುಟ್ಟಿರೋ ಕಥೆ. ಇಬ್ಬರು ಸಿಗ್ತಾರೆ, ಜಗಳ ಆಡ್ತಾರೆ, ಸೇರ್ತಾರೆ, ಓದೋರು ನಿಟ್ಟುಸಿರು ಬಿಟ್ಟು ಲೈಟ್ ಆರಿಸ್ತಾರೆ. ಕೊನೇಲಿ ಸುಖ ಇರಲೇಬೇಕು ಅನ್ನೋದು ಆ ಪ್ರಕಾರದ ಕರಾರು. ಫ್ಯಾಂಟಸಿಗೆ ಇದು ಪೂರ್ತಿ ಉಲ್ಟಾ, ಅದಕ್ಕೆ ಮುಗಿಯೋದೇ ಬೇಡ, ಒಂದು ರಾಜ್ಯ ಆದ್ಮೇಲೆ ಪಕ್ಕದ ರಾಜ್ಯ, ಒಬ್ಬ ಖಳ ಸತ್ರೆ ಅವನ ಹಿಂದೆ ಇನ್ನೂ ಹಳಬ ಒಬ್ಬ, ಮೊದಲನೇ ಪುಟದಲ್ಲಿ ಹಾಕಿರೋ ಮ್ಯಾಪಲ್ಲಿ ಖಾಲಿ ಜಾಗ ಇರೋ ತನಕ ಕಥೆ ಓಡ್ತಾನೇ ಇರಬೇಕು. ಈ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದಾರೆ. ಮೊದಲನೇ ಪುಸ್ತಕದಲ್ಲಿ ಇದು ಗೊತ್ತಾಗಲ್ಲ, ಯಾಕಂದ್ರೆ ಪ್ರೀತಿನೂ ಹೊಸದು, ಜಗತ್ತೂ ಹೊಸದು. ಎರಡನೇದ್ರಲ್ಲಿ ಗೊತ್ತಾಗತ್ತೆ. ಅವರಿಬ್ಬರೂ ಸೇರಿ ಆಗಿದೆ, ಈಗ ಲೇಖಕಿ ಏನು ಮಾಡ್ಬೇಕು?

ಸುಲಭದ ದಾರಿ, ಬೇರೆ ಮಾಡೋದು. ಸ್ಟೆಫನಿ ಮೇಯರ್ ‘ಟ್ವೈಲೈಟ್’ ಸರಣಿಯ ಎರಡನೇ ಪುಸ್ತಕ, 2006ರ ‘ನ್ಯೂ ಮೂನ್’ನಲ್ಲಿ ಅದನ್ನೇ ಮಾಡಿದ್ದು, ನಾಯಕಿ ಬೆಲ್ಲಾನ ಅವಳ ಪ್ರೇಮಿ ಎಡ್ವರ್ಡ್ ಬಿಟ್ಟು ಹೋಗ್ತಾನೆ. ಅಲ್ಲಿ ಒಂದು ಕಡೆ ಪುಟ ತಿರುಗಿಸಿದ್ರೆ ಬರೀ ‘ಅಕ್ಟೋಬರ್’ ಅಂತ ಇದೆ, ಮುಂದಿನದ್ರಲ್ಲಿ ‘ನವೆಂಬರ್’, ಆಮೇಲೆ ‘ಡಿಸೆಂಬರ್’, ‘ಜನವರಿ’, ಬೇರೆ ಏನೂ ಇಲ್ಲ, ಖಾಲಿ. ಆ ಸರಣಿನ ಎಷ್ಟು ಬೇಕಾದ್ರೂ ಗೇಲಿ ಮಾಡಿ, ನಾನೂ ಜೊತೆಗೆ ನಗ್ತೀನಿ, ಆದ್ರೆ ಹದಿನೇಳು ಹದಿನೆಂಟರ ಹುಡುಗಿಗೆ ಮನಸ್ಸು ಮುರಿದ್ರೆ ತಿಂಗಳುಗಳು ಹೇಗೆ ಹೋಗ್ತವೆ ಅಂತ ನಾಲ್ಕು ಖಾಲಿ ಪುಟದಲ್ಲಿ ಹೇಳಿದ್ದು ಸಣ್ಣ ಕೆಲಸ ಅಲ್ಲ. ತೊಂದರೆ ಆಮೇಲೆ ಬಂದೋರದ್ದು. ಎಲ್ಲರೂ ಬೇರೆ ಮಾಡಕ್ಕೆ ಶುರು ಮಾಡಿದ್ರು, ಕಾರಣ ಮಾತ್ರ ಯಾರ ಹತ್ರಾನೂ ಇರಲಿಲ್ಲ.

ನಳಿನಿ ಸಿಂಗ್ ಇದನ್ನ ಬೇರೆ ಥರ ಬಗೆಹರಿಸ್ತಾರೆ. ಫಿಜಿಲಿ ಹುಟ್ಟಿ ನ್ಯೂಜಿಲೆಂಡಲ್ಲಿ ಬೆಳೆದ ಭಾರತೀಯ ಮೂಲದವರು, ಅವರ ಸೈ-ಚೇಂಜ್ಲಿಂಗ್ ಸರಣಿ 2006ರಲ್ಲಿ ಶುರುವಾಯ್ತು. ಒಂದೊಂದು ಪುಸ್ತಕಕ್ಕೆ ಒಂದೊಂದು ಜೋಡಿ. ಹಳೇ ಜೋಡಿಗಳು ಅಕ್ಕಪಕ್ಕದಲ್ಲಿ ಓಡಾಡ್ಕೊಂಡಿರ್ತಾರೆ, ಅವರ ಸುಖಕ್ಕೆ ಯಾರೂ ಕೈ ಹಾಕಲ್ಲ, ಜಗತ್ತಿನ ದೊಡ್ಡ ಕಥೆ ಮಾತ್ರ ಮುಂದಕ್ಕೆ ಹೋಗತ್ತೆ. ಬುದ್ಧಿವಂತ ಉಪಾಯ. ಆದ್ರೆ ನಂಗೆ ವೈಯಕ್ತಿಕವಾಗಿ ಒಂದೇ ಜೋಡಿ ಹಿಂದೆ ಬೀಳೋ ಚಾಳಿ, ಹಾಗಾಗಿ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲ್ಲ.

ಈಗ ಬರೋಣ ದೊಡ್ಡಮ್ಮನ ಹತ್ರ. ಸಾರಾ ಜೆ. ಮಾಸ್. ‘ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್’, ಎಲ್ಲರೂ ಅಕೋಟಾರ್ ಅಂತಾರೆ, 2015ರಲ್ಲಿ ಬಂತು. ಕಥೆ ಹಳೇದೇ, ಸುಂದರಿ ಮತ್ತು ಮೃಗ. ಬಡ ಹುಡುಗಿ ಫೇರಾ ಕಾಡಲ್ಲಿ ತೋಳ ಹೊಡೀತಾಳೆ, ಅದು ತೋಳ ಅಲ್ಲ ಫೇ ಅನ್ನೋ ಮಾಯಾಜನದವನು, ತಪ್ಪಿಗೆ ಟ್ಯಾಮ್ಲಿನ್ ಅನ್ನೋ ವಸಂತದ ಆಸ್ಥಾನದ ಒಡೆಯ ಬಂದು ಅವಳನ್ನ ಕರ್ಕೊಂಡು ಹೋಗ್ತಾನೆ, ಪ್ರೀತಿ ಆಗತ್ತೆ, ಅವನನ್ನ ಬಿಡಿಸಕ್ಕೆ ಅವಳು ಬೆಟ್ಟದ ಕೆಳಗೆ ಮೂರು ಪರೀಕ್ಷೆ ಎದುರಿಸ್ತಾಳೆ, ಸಾಯ್ತಾಳೆ, ಫೇ ನಾಡಿನ ಏಳು ಆಸ್ಥಾನಗಳ ಒಡೆಯರೂ ಸೇರಿ ಬದುಕಿಸ್ತಾರೆ. ಶುಭಂ. ಇಲ್ಲಿಗೇ ನಿಲ್ಲಿಸಿದ್ರೂ ಯಾರೂ ಏನೂ ಅಂತಿರಲಿಲ್ಲ.

2016ರಲ್ಲಿ ‘ಎ ಕೋರ್ಟ್ ಆಫ್ ಮಿಸ್ಟ್ ಆ್ಯಂಡ್ ಫ್ಯೂರಿ’ ಬಂತು ನೋಡಿ, ನನ್ನ ಲೆಕ್ಕದಲ್ಲಿ ಈ ಪ್ರಕಾರದ ಅತ್ಯುತ್ತಮ ಎರಡನೇ ಪುಸ್ತಕ ಅದು. ಮದುವೆ ದಿನ. ಫೇರಾ ನಡ್ಕೊಂಡು ಬರ್ತಿದಾಳೆ, ಎದುರಿಗೆ ಟ್ಯಾಮ್ಲಿನ್ ನಿಂತಿದಾನೆ, ದಾರೀಲಿ ಗುಲಾಬಿ ಎಸಳು ಚೆಲ್ಲಿದಾರೆ, ಕೆಂಪು ಎಸಳು. ಅವಳ ಕಾಲು ಮುಂದಕ್ಕೆ ಹೋಗಲ್ಲ. ಯಾಕಂದ್ರೆ ಮೂರನೇ ಪರೀಕ್ಷೆಲಿ ಅವಳು ಏನೂ ತಪ್ಪು ಮಾಡದ ಇಬ್ಬರನ್ನ ಚಾಕು ಹಾಕಿ ಕೊಂದಿದಾಳೆ, ಆ ಕೆಂಪು ಅವಳಿಗೆ ಹೂವಾಗಿ ಕಾಣಿಸ್ತಿಲ್ಲ. ಮೊದಲನೇ ಪುಸ್ತಕದಲ್ಲಿ ನಾವು ಗೆಲುವು ಅಂತ ಓದಿ ಚಪ್ಪಾಳೆ ಹೊಡೆದಿದ್ವಲ್ಲ, ಅದರ ಬಿಲ್ಲು ಇಲ್ಲಿ ಬಂದಿದೆ. ಚಿತ್ರ ಬರೀತಿದ್ದೋಳು ಬ್ರಶ್ ಮುಟ್ಟಲ್ಲ, ರಾತ್ರಿ ಎದ್ದು ವಾಂತಿ ಮಾಡ್ಕೋತಾಳೆ, ಪಕ್ಕದಲ್ಲೇ ಇರೋ ಟ್ಯಾಮ್ಲಿನ್‌ಗೆ ಅವಳನ್ನ ಕಾಪಾಡೋದೊಂದೇ ಗೊತ್ತು, ಕಾಪಾಡ್ತಾ ಕಾಪಾಡ್ತಾ ಒಂದಿನ ಮನೆ ಒಳಗೇ ಕೂಡಿ ಹಾಕ್ತಾನೆ.

ಇಲ್ಲಿ ಮಾಸ್ ಹೊಸ ಖಳನ್ನ ತರಲಿಲ್ಲ, ಸುಳ್ಳು ತಪ್ಪು ತಿಳುವಳಿಕೆ ಹುಟ್ಟಿಸಲಿಲ್ಲ. ಮೊದಲನೇ ಪುಸ್ತಕದಲ್ಲೇ ಇದ್ದ ಟ್ಯಾಮ್ಲಿನ್‌ನ ಗುಣ, ಆಗ ನಮಗೆ ಅದು ಪ್ರೇಮಿಯ ಕಾಳಜಿ ಅನ್ನಿಸಿತ್ತು, ಅದನ್ನೇ ಇನ್ನು ನಾಲ್ಕು ಹೆಜ್ಜೆ ಮುಂದಕ್ಕೆ ನಡೆಸಿದ್ರು ಅಷ್ಟೇ. ವಾಪಸ್ ಹೋಗಿ ಮೊದಲನೇದು ಓದಿ ನೋಡಿ, ಬೆಟ್ಟದ ಕೆಳಗೆ ಅವಳು ಸಾಯೋ ಸ್ಥಿತೀಲಿದ್ದಾಗ ಅವನು ಕಲ್ಲಿನ ಥರ ಕೂತಿರ್ತಾನೆ, ರೀಸ್ಯಾಂಡ್ ಅನ್ನೋ ಇನ್ನೊಬ್ಬ ಒಡೆಯ, ಆ ‘ಕೆಟ್ಟವನು’ ಮಾತ್ರ ಏನಾದ್ರೂ ಒಂದು ಮಾಡ್ತಾನೇ ಇರ್ತಾನೆ. ಎಲ್ಲ ಅಲ್ಲೇ ಇತ್ತು, ನಾವು ನೋಡಿರಲಿಲ್ಲ. ಸೀಕ್ವೆಲ್ ಅಂದ್ರೆ ನಂಗೆ ಬೇಕಾಗಿರೋದು ಇದು, ಹಿಂದಿನ ಪುಸ್ತಕ ಮತ್ತೆ ತೆಗೆದು ಓದೋ ಹಾಗೆ ಮಾಡೋದು.

ಮತ್ತೆ ಆ ಸೂಪು! ಓದಿದೋರು ಆಗಲೇ ನಗ್ತಿದೀರಿ. ರೀಸ್ಯಾಂಡ್ ಅವಳ ಜನ್ಮದ ಜೊತೆಗಾರ, ಅವನಿಗೆ ಇದು ಗೊತ್ತಿತ್ತು, ಹೇಳಿರಲಿಲ್ಲ, ಅವಳಿಗೆ ಸಿಟ್ಟು ಬಂದು ಬೆಟ್ಟದ ಮೇಲಿನ ಒಂದು ಗುಡಿಸಲಲ್ಲಿ ಒಬ್ಬಳೇ ಹೋಗಿ ಕೂರ್ತಾಳೆ. ಅವನು ಬಂದು ಮೊದಲಿಂದ ಎಲ್ಲ ಹೇಳ್ತಾನೆ. ಅವರ ಜನದಲ್ಲಿ ಹೆಣ್ಣು ಊಟ ಬಡಿಸಿದ್ರೆ ಆ ಬಂಧ ಒಪ್ಪಿಕೊಂಡ ಹಾಗೆ. ಅವಳು ಎದ್ದು ಸೂಪ್ ಬಿಸಿ ಮಾಡಿ ಬಟ್ಟಲು ಅವನ ಮುಂದೆ ಇಡ್ತಾಳೆ. ಇಷ್ಟೇ. ಯುದ್ಧ ಇಲ್ಲ, ಮಾಯಾಮಂತ್ರ ಇಲ್ಲ. ಅಡುಗೆ ಮನೇಲಿ ಇಂಥ ತೀರ್ಮಾನಗಳು ಆಗೋದು ನೋಡಿ ಬೆಳೆದಿರೋ ನಮಗಂತೂ ಇದಕ್ಕೆ ಟಿಪ್ಪಣಿ ಬೇಡ.

ಅಲ್ಲಿಂದ ಇಳಿಜಾರು. 2017ರ ಮೂರನೇ ಪುಸ್ತಕದಲ್ಲಿ ಯುದ್ಧ ಆಗತ್ತೆ, ಕೊನೇಲಿ ರೀಸ್ಯಾಂಡ್ ಸಾಯ್ತಾನೆ, ಉಳಿದ ಒಡೆಯರೆಲ್ಲ ಸೇರಿ ಬದುಕಿಸ್ತಾರೆ. ಹೌದು, ಅದೇ ಉಪಾಯ, ಎರಡನೇ ಸಲ. ಅವನು ಸತ್ತಿರೋದು ಸರಿಯಾಗಿ ಅರಗಿಸಿಕೊಳ್ಳೋ ಮುಂಚೆ ಕಣ್ಣು ಬಿಟ್ಟಿರ್ತಾನೆ, ಅಳು ಅರ್ಧಕ್ಕೇ ನಿಂತು ನಂಗೆ ಕೋಪ ಬಂತು.

ಇಲ್ಲಿ ನಾನು ಸ್ವಲ್ಪ ಪಕ್ಕಕ್ಕೆ ಹೋಗ್ತೀನಿ. ಸತ್ತ ಪ್ರೇಮಿ ವಾಪಸ್ ಬರೋದು ನಮಗೇನು ಹೊಸದಾ? ಏಳನೇ ಶತಮಾನದಲ್ಲಿ ಬಾಣಭಟ್ಟ ಬರೆದ ‘ಕಾದಂಬರಿ’ ಇನ್ನೇನು ಹೇಳಿ, ಪಕ್ಕಾ ಫ್ಯಾಂಟಸಿ ರೊಮ್ಯಾನ್ಸ್. ಶಾಪ, ಮಾತಾಡೋ ಗಿಣಿ, ಜನ್ಮಾಂತರ, ಎರಡು ಜೋಡಿ. ಅದನ್ನ ಹತ್ತನೇ ಶತಮಾನದ ಕೊನೇ ಹೊತ್ತಿಗೆ ನಾಗವರ್ಮ ಕನ್ನಡಕ್ಕೆ ತಂದ, ‘ಕರ್ಣಾಟಕ ಕಾದಂಬರಿ’ ಅಂತ ಚಂಪೂ ಕಾವ್ಯ. ತಮಾಷೆ ಏನಂದ್ರೆ ಬಾಣ ಅರ್ಧಕ್ಕೇ ಬಿಟ್ಟು ತೀರಿಕೊಂಡ, ಉಳಿದಿದ್ದನ್ನ ಮಗ ಪೂರ್ತಿ ಮಾಡಿದ, ಮುಂದಿನ ಭಾಗ ಯಾವಾಗ ಬರತ್ತೆ ಅಂತ ಕಾಯೋ ಸಂಕಟ ಆಗಿಂದಲೂ ಇದೆ. ಈ ಕಥೇಲೂ ನಾಯಕ ಚಂದ್ರಾಪೀಡ ಸಾಯ್ತಾನೆ, ಆಮೇಲೆ ಬದುಕ್ತಾನೆ. ಆದ್ರೆ ನಡುವೆ ಏನಾಗತ್ತೆ? ನಾಯಕಿ ಕಾದಂಬರಿ ಆ ದೇಹ ಕಾಯ್ಕೊಂಡು ಕೂರ್ತಾಳೆ. ದೇಹ ಕೆಡಲ್ಲ ಅಂತ ಅಶರೀರವಾಣಿ ಹೇಳಿದೆ, ಅವನು ಯಾವಾಗ ಏಳ್ತಾನೆ ಅಂತ ಮಾತ್ರ ಗೊತ್ತಿಲ್ಲ, ಅವಳು ಕಾಯ್ತಾಳೆ. ಅತ್ತ ಅವಳ ಗೆಳತಿ ಮಹಾಶ್ವೇತೆ ಅಚ್ಛೋದ ಸರೋವರದ ಹತ್ರ ತಪಸ್ವಿನಿಯಾಗಿ ತನ್ನ ಪುಂಡರೀಕನಿಗೆ ಇನ್ನೂ ಹಿಂದಿನಿಂದ ಕಾಯ್ತಿದಾಳೆ. ಸಾವಿಗೆ ಅಲ್ಲಿ ಬೆಲೆ ಕಟ್ಟಿದಾರೆ, ಆ ಬೆಲೆ ಕಾಯೋದು. ಹಾಗಾಗಿ ಅವನು ಎದ್ದಾಗ ನಂಬಿಕೆ ಬರತ್ತೆ. ಮಾಸ್ ಅವರ ಮೂರನೇ ಪುಸ್ತಕದಲ್ಲಿ ಬೆಲೆ ಕೊಡೋರೇ ಇಲ್ಲ.

ನಾಲ್ಕನೇದು ಒಂದು ಸಣ್ಣ ಪುಸ್ತಕ, ಹಬ್ಬಕ್ಕೆ ಉಡುಗೊರೆ ತರೋದು, ಹಿಮದಲ್ಲಿ ಆಟ ಆಡೋದು. ಹುಳಿಗೆ ನೀರು ಬೆರೆಸಿ ಇನ್ನೊಂದು ಪಂಕ್ತಿಗೆ ಬಡಿಸಿದ ಹಾಗೆ. ಮುಂದೆ ಹೋಗೋಣ.

2021ರ ‘ಎ ಕೋರ್ಟ್ ಆಫ್ ಸಿಲ್ವರ್ ಫ್ಲೇಮ್ಸ್’ ಬಗ್ಗೆ ಜನ ಇವತ್ತಿಗೂ ಕಿತ್ತಾಡ್ತಾರೆ. ಫೇರಾಳ ಅಕ್ಕ ನೆಸ್ಟಾ ಕಥೆ. ನಂಗೆ ನೆಸ್ಟಾ ಅಂದ್ರೆ ಪ್ರಾಣ. ಮೊದಲನೇ ಪುಸ್ತಕದಿಂದ ಎಲ್ಲರ ಹತ್ರ ಬೈಸ್ಕೊಂಡ, ಬಾಯಿ ಬಿಟ್ರೆ ಕೊಂಕು ಆಡೋ ಹುಡುಗಿ, ಅವಳನ್ನ ಹತ್ತು ಸಾವಿರ ಮೆಟ್ಟಿಲಿರೋ ಮನೇಲಿ ಇಡ್ತಾರೆ, ಹೊರಗೆ ಹೋಗಬೇಕಾ, ಇಳಿದು ಹೋಗು. ಅವಳು ಇಳಿಯಕ್ಕೆ ನೋಡ್ತಾಳೆ, ಆಗಲ್ಲ, ವಾಪಸ್ ಹತ್ತಿ ಬರ್ತಾಳೆ, ಇನ್ನೊಂದಿನ ಇನ್ನಷ್ಟು ಮೆಟ್ಟಿಲು. ಪ್ರೀತಿ ಬಂದ ತಕ್ಷಣ ಅವಳ ಗಾಯ ಮಾಯಲ್ಲ, ಮೆಟ್ಟಿಲು ಮೆಟ್ಟಿಲಾಗಿ ಮಾಯತ್ತೆ, ಜೊತೆಗೆ ಇಬ್ಬರು ಗೆಳತಿಯರು ಸಿಗ್ತಾರೆ, ನಂಗೆ ಅವಳ ಪ್ರೇಮಿ ಕ್ಯಾಸಿಯನ್‌ಗಿಂತ ಆ ಗೆಳತಿಯರೇ ಇಷ್ಟ.

ಆದ್ರೆ ಅದೇ ಪುಸ್ತಕದಲ್ಲಿ ಫೇರಾ ಬಸುರಿ, ಮಗುವಿಗೆ ರೆಕ್ಕೆ ಇದೆ, ಹೆರಿಗೇಲಿ ಅವಳು ಉಳಿಯಲ್ಲ ಅಂತ ಗೊತ್ತಾಗತ್ತೆ, ರೀಸ್ಯಾಂಡ್ ಅದನ್ನ ಅವಳಿಗೇ ಹೇಳಲ್ಲ! ಉಳಿದವರಿಗೆ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ, ಕೊನೆಗೆ ನೆಸ್ಟಾ ಸಿಟ್ಟಲ್ಲಿ ಬಾಯಿ ಬಿಡ್ತಾಳೆ. ಸ್ವಾಮಿ, ಎರಡನೇ ಪುಸ್ತಕ ಪೂರ್ತಿ ನಾವು ಈ ಮನುಷ್ಯನ್ನ ಯಾಕೆ ಮೆಚ್ಚಿದ್ದು? ಟ್ಯಾಮ್ಲಿನ್ ಬೀಗ ಹಾಕಿದ, ಇವನು ‘ನಿನ್ನ ಇಷ್ಟ’ ಅಂದ, ಅದಕ್ಕೆ ತಾನೆ? ಈಗ ಅವಳ ಮೈ ವಿಷಯಾನೇ ಅವಳಿಂದ ಮುಚ್ಚಿಡ್ತಾನೆ ಅಂದ್ರೆ ಅದು ಇನ್ನೊಂದು ಬೀಗ ಅಲ್ವಾ? ಪಾತ್ರ ಬದಲಾಗಬಾರದು ಅಂತ ನಾನು ಹೇಳ್ತಿಲ್ಲ, ಬದಲಾಗಲಿ, ಅವನೂ ಇನ್ನೊಬ್ಬ ಟ್ಯಾಮ್ಲಿನ್ ಆಗ್ತಿದಾನೆ ಅಂತ ಪುಸ್ತಕಕ್ಕೆ ಗೊತ್ತಿದ್ದಿದ್ರೆ ಅದ್ಭುತವಾಗಿರೋದು. ಪುಸ್ತಕಕ್ಕೆ ಗೊತ್ತೇ ಇಲ್ಲ. ಅವನು ಇನ್ನೂ ಆದರ್ಶ ಗಂಡನೇ ಅನ್ನೋ ಹಾಗೆ ಕಥೆ ಮುಂದಕ್ಕೆ ಹೋಗತ್ತೆ.

ಗುಟ್ಟು ಮುಚ್ಚಿಡೋದು ಈ ಪ್ರಕಾರದ ದೊಡ್ಡ ರೋಗ. ರೆಬೆಕಾ ಯಾರೋಸ್ ನೋಡಿ. ‘ಫೋರ್ತ್ ವಿಂಗ್’ 2023ರ ಮೇ ತಿಂಗಳಲ್ಲಿ ಬಂತು, ಎರಡನೇದು ‘ಐರನ್ ಫ್ಲೇಮ್’ ಅದೇ ವರ್ಷ ನವೆಂಬರಲ್ಲಿ, ಆರು ತಿಂಗಳಿಗೆ ಅಷ್ಟು ದಪ್ಪ ಪುಸ್ತಕ. ಮೊದಲನೇದ್ರಲ್ಲಿ ಒಂದು ಉಪಾಯ ನಂಗೆ ಬಹಳ ಹಿಡಿಸ್ತು. ನಾಯಕಿ ವಯಲೆಟ್, ನಾಯಕ ಜೇಡನ್ ಇಬ್ಬರೂ ಡ್ರ್ಯಾಗನ್ ಸವಾರರು, ವಯಲೆಟ್‌ನ ಡ್ರ್ಯಾಗನ್ನೂ ಜೇಡನ್‌ನ ಡ್ರ್ಯಾಗನ್ನೂ ಗಂಡ ಹೆಂಡತಿ, ಜಾಸ್ತಿ ದಿನ ದೂರ ಇರಕ್ಕಾಗಲ್ಲ, ಹಾಗಾಗಿ ಸವಾರರೂ ಒಬ್ಬರನ್ನೊಬ್ಬರು ಬಿಟ್ಟಿರಕ್ಕಾಗಲ್ಲ, ಎಷ್ಟೇ ದ್ವೇಷ ಇರಲಿ. ಜಗತ್ತಿನ ನಿಯಮಾನೇ ಪ್ರೀತಿ ಕಥೆ ನಡೆಸತ್ತೆ. ಮತ್ತೆ ವಯಲೆಟ್‌ನ ಕೀಲುಗಳು ಸಲೀಸಾಗಿ ಜಾರ್ತವೆ, ಮೂಳೆ ಬೇಗ ಮುರಿಯತ್ತೆ, ಯಾರೋಸ್ ಅವರಿಗೇ ಎಹ್ಲರ್ಸ್-ಡ್ಯಾನ್ಲೋಸ್ ಅನ್ನೋ ತೊಂದರೆ ಇದೆ, ಆ ನೋವಿನ ವಿವರಗಳಲ್ಲಿ ಕಲ್ಪನೆ ಕಮ್ಮಿ ಅನುಭವ ಜಾಸ್ತಿ ಅಂತ ಓದಿದ್ರೆ ಗೊತ್ತಾಗತ್ತೆ.

‘ಐರನ್ ಫ್ಲೇಮ್’ನಲ್ಲಿ ಏನಾಯ್ತು? ನೀನು ನನ್ನ ಹತ್ರ ಎಲ್ಲ ಹೇಳು ಅಂತಾಳೆ ಅವಳು, ನೀನು ಕೇಳಿದ್ರೆ ಹೇಳ್ತೀನಿ ಅಂತಾನೆ ಅವನು. ಏನು ಕೇಳ್ಬೇಕು ಅಂತ ಗೊತ್ತಿಲ್ದೇ ಇರೋದನ್ನ ಕೇಳೋದು ಹೇಗೆ? ಒಂದೇ ಜಗಳ, ಬೇರೆ ಬೇರೆ ಅಧ್ಯಾಯ. ಒಂದು ಸಂಜೆ ಕೂತು ಮಾತಾಡಿದ್ರೆ ಮುಗಿಯೋ ವಿಷಯ. ನನ್ನ ಪರೀಕ್ಷೆ ಇದೇ, ಅವರಿಬ್ಬರ ಕಷ್ಟ ಅವರ ಜಗತ್ತಿಂದ, ಅವರ ಸ್ವಭಾವದಿಂದ ಹುಟ್ಟಿದ್ಯಾ, ಇಲ್ಲಾ ಲೇಖಕಿ ಬಾಯಿಗೆ ಬಟ್ಟೆ ತುರುಕಿದ್ದರಿಂದ ಹುಟ್ಟಿದ್ಯಾ? ಕೊನೇಲಿ ಜೇಡನ್ ತಾನು ಯಾವುದರ ವಿರುದ್ಧ ಹೋರಾಡ್ತಿದ್ನೋ ಅದೇ ಆಗಿಬಿಡ್ತಾನಲ್ಲ, ಅವಳನ್ನ ಉಳಿಸಕ್ಕೆ, ಅದು ನಿಜವಾದ ಕಷ್ಟ. ಅಲ್ಲಿ ನಾನು ಎದ್ದು ಕೂತೆ. 2025ರ ಜನವರಿಲಿ ಬಂದ ‘ಆನಿಕ್ಸ್ ಸ್ಟಾರ್ಮ್’ ಮೊದಲನೇ ವಾರದಲ್ಲೇ 27 ಲಕ್ಷ ಪ್ರತಿ ಖರ್ಚಾಯ್ತು. ಅದರಲ್ಲಿ ಈ ಕಷ್ಟ ಚೆನ್ನಾಗಿದೆ, ಆದ್ರೆ ನಡುವೆ ದ್ವೀಪ ದ್ವೀಪ ಸುತ್ತೋದು, ಹೊಸ ಹೆಸರುಗಳು, ಯಾರು ಯಾರ ತಮ್ಮ ಅಂತ ನಾನು ಪೆನ್ಸಿಲ್ ತಗೊಂಡು ಹಿಂದಿನ ಪುಟದಲ್ಲಿ ಬರ್ಕೊಂಡೆ.

ಈಗ ನನ್ನ ಮೆಚ್ಚಿನದು. ಹಾಲಿ ಬ್ಲ್ಯಾಕ್, ‘ದಿ ಕ್ರುಯಲ್ ಪ್ರಿನ್ಸ್’, 2018. ಫೇ ಜನಕ್ಕೆ ಸುಳ್ಳು ಹೇಳಕ್ಕಾಗಲ್ಲ, ಅದು ಆ ಜಗತ್ತಿನ ನಿಯಮ. ಅವರ ನಡುವೆ ಬೆಳೆದ ಮನುಷ್ಯ ಹುಡುಗಿ ಜೂಡ್, ಅವಳಿಗೆ ಇರೋ ಒಂದೇ ಆಯುಧ ಸುಳ್ಳು. ಅವಳು ಕಾರ್ಡನ್ ಅನ್ನೋ ಸೋಮಾರಿ, ಕುಡುಕ, ಕ್ರೂರಿ ರಾಜಕುಮಾರನ್ನ ಮಾತಲ್ಲಿ ಕಟ್ಟಿ ಹಾಕಿ ಸಿಂಹಾಸನದ ಮೇಲೆ ಕೂರಿಸ್ತಾಳೆ, ಒಂದು ವರ್ಷ ಒಂದು ದಿನ ಅವಳು ಹೇಳಿದ ಹಾಗೆ ಅವನು ಕೇಳಬೇಕು. 2019ರ ‘ದಿ ವಿಕೆಡ್ ಕಿಂಗ್’ ಈ ಕರಾರಿನ ಮೇಲೇ ನಿಂತಿದೆ. ಪ್ರೀತಿ ಮಾಡ್ತಾರಾ, ಮಾಡ್ತಾರೆ, ಆದ್ರೆ ಒಬ್ಬಳ ಮಾತು ಇನ್ನೊಬ್ಬನಿಗೆ ಆಜ್ಞೆ ಆಗಿರುವಾಗ ಅದು ಪ್ರೀತಿನಾ? ಕೊನೇಲಿ ಗುಟ್ಟಾಗಿ ಮದುವೆ ಆಗತ್ತೆ, ಅವಳು ಅವನನ್ನ ಆ ಮಾತಿಂದ ಬಿಡಿಸ್ತಾಳೆ, ಬಿಡಿಸಿದ ಮೇಲೆ ಅವನು ತುಂಬಿದ ಸಭೇಲಿ ಅವಳನ್ನ ಗಡಿಪಾರು ಮಾಡ್ತಾನೆ. ಕಿರೀಟ ಕ್ಷಮಿಸೋ ತನಕ ಈ ನೆಲಕ್ಕೆ ಕಾಲಿಡಬಾರದು ಅಂತ.

ಕೇಳಿಸ್ಕೊಂಡ್ರಾ? ರಾಜ ಕ್ಷಮಿಸೋ ತನಕ ಅಂತ ಹೇಳಲಿಲ್ಲ, ಕಿರೀಟ ಅಂದ. ಮದುವೆ ಆದ ಕ್ಷಣದಿಂದ ಜೂಡ್ ರಾಣಿ, ಅವಳೂ ಕಿರೀಟವೇ, ಅವಳನ್ನ ಅವಳೇ ಕ್ಷಮಿಸಿಕೊಂಡು ಬರಬಹುದಿತ್ತು! ಸುಳ್ಳು ಹೇಳಕ್ಕೆ ಬರದ ಹುಡುಗ ಎಲ್ಲರೆದುರಿಗೆ ಒಂದು ಒಗಟು ಕಟ್ಟಿದಾನೆ, ಸುಳ್ಳಲ್ಲೇ ಪಳಗಿದ ಹುಡುಗಿಗೆ ಅದು ಹೊಳೆಯಲ್ಲ, ಯಾಕಂದ್ರೆ ಅವನು ತನ್ನ ಜೊತೆ ಆಟ ಆಡ್ತಿರಬಹುದು ಅಂತ ಅವಳಿಗೆ ಅನ್ನಿಸೋದೇ ಇಲ್ಲ, ದ್ರೋಹ ಅಂತಲೇ ನಂಬ್ತಾಳೆ. ಇಲ್ಲೂ ಇಬ್ಬರನ್ನ ಬೇರೆ ಮಾಡಿದಾರೆ, ಇಲ್ಲೂ ಒಂದು ಗುಟ್ಟಿದೆ. ಆದ್ರೆ ಗುಟ್ಟು ನಮ್ಮ ಕಣ್ಣೆದುರಿಗೇ ಇತ್ತು, ಲೇಖಕಿ ಕಿಸೇಲಿ ಇರಲಿಲ್ಲ. ಆ ಬೇರೆ ಆಗೋದು ಅವಳ ಸ್ವಭಾವದಿಂದ, ಆ ಜಗತ್ತಿನ ನಿಯಮದಿಂದ ಬಂದಿದ್ದು. ಮೂರನೇ ಪುಸ್ತಕ ಅದೇ ವರ್ಷ ನವೆಂಬರಲ್ಲಿ ಬಂತು, ಸ್ವಲ್ಪ ಅವಸರದ್ದು, ಹಾವಿನ ಪ್ರಸಂಗ ಒಂದಿದೆ ನಂಗೆ ಪೂರ್ತಿ ಒಪ್ಪಿಗೆ ಇಲ್ಲ, ಇರಲಿ.

ವಯಸ್ಸಾದ ಜೋಡಿ ಬೇಕು ಅನ್ನೋರಿಗೆ ಡಯಾನಾ ಗ್ಯಾಬಲ್ಡನ್ ಇದಾರೆ. ‘ಔಟ್‌ಲ್ಯಾಂಡರ್’ 1991ರದ್ದು, ಕ್ಲೇರ್ ಕಾಲ ದಾಟಿ ಹದಿನೆಂಟನೇ ಶತಮಾನಕ್ಕೆ ಹೋಗಿ ಜೇಮೀನ ಮದುವೆ ಆಗೋ ಕಥೆ. ಅದರ ಎರಡನೇ ಭಾಗ ತೆಗೆದ್ರೆ 1968, ಕ್ಲೇರ್‌ಗೆ ಬೆಳೆದ ಮಗಳು, ಜೇಮೀ ಇನ್ನೂರು ವರ್ಷ ಹಿಂದೆ ಎಲ್ಲೋ ಉಳಿದಿದಾನೆ. ಬೇರೆ ಆಗಿದಾರೆ ಅಂತ ಮೊದಲೇ ಹೇಳಿಬಿಟ್ರು, ಹೇಗೆ ಆಯ್ತು ಅಂತ ಹೇಳಕ್ಕೆ ಉಳಿದ ಪುಸ್ತಕ. ಮೂರನೇದ್ರಲ್ಲಿ ಇಪ್ಪತ್ತು ವರ್ಷ ಆದ್ಮೇಲೆ ಅವಳು ಎಡಿನ್‌ಬರ್ಗ್‌ನ ಒಂದು ಪ್ರಿಂಟಿಂಗ್ ಅಂಗಡಿ ಬಾಗಿಲು ತೆಗೀತಾಳೆ, ಅಷ್ಟು ದೊಡ್ಡ ಯೋಧ ಅವಳನ್ನ ನೋಡಿ ಮೂರ್ಛೆ ಬೀಳ್ತಾನೆ. ಇಬ್ಬರಿಗೂ ನಲವತ್ತು ದಾಟಿದೆ. ಕಾದಂಬರಿ, ಮಹಾಶ್ವೇತೆ ಕಾದ್ರಲ್ಲ, ಇಲ್ಲೂ ಕಾದಿದಾರೆ, ಪುಟಗಟ್ಟಲೆ ಕಾದಿದಾರೆ, ನಮ್ಮನ್ನೂ ಕಾಯಿಸಿದಾರೆ.

ಕೊನೇಲಿ ಒಬ್ಬರು ತಾಯಿ ಎದ್ದು ಕೇಳಿದ್ರು, ಮಗಳು ಎಂಟನೇ ಕ್ಲಾಸು, ಫ್ರೆಂಡ್ಸ್ ಎಲ್ಲ ಅಕೋಟಾರ್ ಓದ್ತಿದಾರಂತೆ, ಕೊಡಿಸಬಹುದಾ ಮೇಡಂ ಅಂತ. ಬೇಡಮ್ಮ, ಈಗಲೇ ಬೇಡ. ಅದನ್ನ ಮೊದಲು ಹದಿಹರೆಯದವರ ಪುಸ್ತಕ ಅಂತಲೇ ಮಾರಿದ್ರು, ಆಮೇಲೆ 2020ರಲ್ಲಿ ಮುಖಪುಟ ಬದಲಾಯಿಸಿ ದೊಡ್ಡವರ ಕಪಾಟಿಗೆ ಹಾಕಿದ್ರು, ಎರಡನೇ ಪುಸ್ತಕದಿಂದ ಹಾಸಿಗೆ ಪ್ರಸಂಗಗಳು ಬಿಚ್ಚಿಟ್ಟ ಹಾಗೇ ಇವೆ. ಯಾರೋಸ್ ಅವರದ್ದೂ ದೊಡ್ಡವರಿಗೇ. ಹಾಲಿ ಬ್ಲ್ಯಾಕ್ ಕೊಡಿ, ಅದರಲ್ಲೂ ಕ್ರೌರ್ಯ ಇದೆ, ಹಾಗಾಗಿ ಮೊದಲು ನೀವು ಓದಿ ನೋಡಿ, ಆಮೇಲೆ ಕೊಡಿ. ಆದ್ರೆ ಕೊಡೋದಿದ್ರೆ ಮೂರೂ ಒಟ್ಟಿಗೆ ತಂದಿಟ್ಟುಕೊಳ್ಳಿ. ಎರಡನೇದು ಮುಗಿದ ರಾತ್ರಿ ಮೂರನೇದು ಮನೇಲಿ ಇಲ್ಲ ಅಂದ್ರೆ, ಅವಳು ನಿಮ್ಮನ್ನ ಮಲಗಕ್ಕೆ ಬಿಡಲ್ಲ.